48 ವೋಲ್ಟ್ ಬೇಕು, ಇರುವುದು ಎರಡು 24: ಕನ್ವರ್ಟರ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಬೇಕೋ, ಬೇರೆ ದಾರಿ ಹಿಡಿಯಬೇಕೋ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಸಣ್ಣ ಸಿಎನ್‌ಸಿ ರೌಟರ್ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ಕಟ್ಟುವವರು, ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿಗೆ ಸೋಲಾರ್ ಮೇಲೆ ಕ್ಯಾಮೆರಾ ಹಾಕುವವರು, ಗದಗಿನಲ್ಲಿ ಹಳೆಯ ಮುದ್ರಣಯಂತ್ರದ ಪ್ಯಾನಲ್ ರಿಪೇರಿಗೆ ಕೂತವರು, ಎಲ್ಲರೂ ಒಂದಲ್ಲ ಒಂದು ದಿನ ಇದೇ ಪ್ರಶ್ನೆಗೆ ಬರುತ್ತಾರೆ. ಬೇಕಾದ ವೋಲ್ಟೇಜಿನ ಸಪ್ಲೈ ಅಂಗಡಿಯಲ್ಲಿ ಇಲ್ಲ. ಕೈಯಲ್ಲಿರುವ ಎರಡನ್ನು ಕೂಡಿಸಿದರೆ ನಡೆಯುತ್ತದೆಯೇ? “ಇಪ್ಪತ್ನಾಲ್ಕಕ್ಕ ಇಪ್ಪತ್ನಾಲ್ಕು ಕೂಡಿಸಿದ್ರ ನಲವತ್ತೆಂಟು ಆಗ್ಲೇಬೇಕಲ್ರಿ?” ಎಂಬ ಲೆಕ್ಕ ಕಾಗದದ ಮೇಲೆ ಸರಿಯೇ. ಪ್ಯಾನಲ್ಲಿನಲ್ಲಿ ಅದು ಕೆಲವು ಸಲ ನಿಜವಾಗುತ್ತದೆ, ಕೆಲವು ಸಲ ಹೊಗೆಯಾಗುತ್ತದೆ.

ಯಾವುದು ಆಗುತ್ತದೆ ಎಂಬುದು ವೋಲ್ಟ್, ಆಂಪಿಯರ್ ನೋಡಿದರೆ ತಿಳಿಯುವುದಿಲ್ಲ. ಔಟ್‌ಪುಟ್‌ನ ಮೈನಸ್ ಒಳಗೆ ಯಾವುದಕ್ಕೆ ಕಟ್ಟಿಕೊಂಡಿದೆ ಎಂದು ನೋಡಬೇಕು. ಯಾವುದಕ್ಕೂ ಕಟ್ಟಿಕೊಂಡಿಲ್ಲದಿದ್ದರೆ ಸೀರೀಸ್, ಅಂದರೆ ಒಂದರ (ಇದನ್ನು ‘ಕೆಳಗಿನದು’ ಎನ್ನೋಣ) ಪ್ಲಸ್‌ಗೆ ಇನ್ನೊಂದರ (ಅದು ‘ಮೇಲಿನದು’) ಮೈನಸ್ ಕಟ್ಟುವುದು, ಸಾಧ್ಯ. ಇನ್‌ಪುಟ್‌ನ ಮೈನಸ್‌ಗೋ, ಬಾಡಿಗೋ, ಅರ್ಥಿಂಗ್‌ಗೋ ಕಟ್ಟಿದ್ದರೆ ಮೇಲಿನ ಸಪ್ಲೈನ ಮೈನಸ್ ಕೆಳಗಿನದರ ಪ್ಲಸ್‌ಗೆ ಮುಟ್ಟಿದ ಕೂಡಲೇ ಶಾರ್ಟ್. ಕೆಳಗಿನ ಎಲ್ಲ ಹೋಲಿಕೆಯೂ ಈ ಒಂದು ಮಾತಿನ ಮೇಲೆ ನಿಂತಿದೆ.

ಐಸೋಲೇಟೆಡ್ ಯಾವುದು, ಅಲ್ಲದ್ದು ಯಾವುದು

ಟಾರ್ಚಿಗೆ ಎರಡು ಸೆಲ್ ಹಾಕಿದರೆ 3 ವೋಲ್ಟ್ ಬರುವುದು ಪ್ರತಿ ಸೆಲ್ಲಿನ ಮೈನಸ್ ಸ್ವತಂತ್ರವಾಗಿ ಇರುವುದರಿಂದ. 230 ವೋಲ್ಟ್ ಎಸಿಯಿಂದ ನಡೆಯುವ ಕೈಗಾರಿಕಾ ಎಸ್‌ಎಂಪಿಎಸ್‌ಗಳು (ಸ್ವಿಚಿಂಗ್ ಪವರ್ ಸಪ್ಲೈಗಳು) ಬಹುಮಟ್ಟಿಗೆ ಹಾಗೆಯೇ. ಒಳಗೆ ಹೈ ಫ್ರೀಕ್ವೆನ್ಸಿ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಶಕ್ತಿ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಾಮ್ರ ದಾಟುವುದಿಲ್ಲ. ಫೀಡ್‌ಬ್ಯಾಕ್ ಕೂಡ ಆಪ್ಟೋಕಪ್ಲರ್ ಮೂಲಕ, ಬೆಳಕಿನಲ್ಲೇ ವಾಪಸ್ ಹೋಗುತ್ತದೆ. ಇದು ಐಸೋಲೇಷನ್.

ಎಲ್‌ಎಂ2596, ಎಕ್ಸ್‌ಎಲ್4015, ಎಕ್ಸ್‌ಎಲ್6009 ಹೆಸರಿನ ಸಣ್ಣ ಬಕ್ (ವೋಲ್ಟೇಜ್ ಇಳಿಸುವ) ಮತ್ತು ಬೂಸ್ಟ್ (ಏರಿಸುವ) ಮಾಡ್ಯೂಲ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ಒಂದು ಇಂಡಕ್ಟರ್ ಮಾತ್ರ. ಬೋರ್ಡನ್ನು ತಿರುಗಿಸಿ ನೋಡಿದರೆ ಇನ್‌ಪುಟ್ ಮೈನಸ್‌ನಿಂದ ಔಟ್‌ಪುಟ್ ಮೈನಸ್‌ವರೆಗೆ ಒಂದೇ ಅಗಲವಾದ ತಾಮ್ರದ ಪಟ್ಟಿ ಕಾಣುತ್ತದೆ. ಇವು ನಾನ್-ಐಸೋಲೇಟೆಡ್.

ಪರೀಕ್ಷೆ ಸುಲಭ. ಯಾವುದಕ್ಕೂ ಪವರ್ ಕೊಡದೆ, ಕೆಪಾಸಿಟರ್ ಖಾಲಿಯಾಗಲು ಸ್ವಲ್ಪ ಹೊತ್ತು ಬಿಟ್ಟು, ಮಲ್ಟಿಮೀಟರನ್ನು ಬಝರ್‌ಗೆ ಇಟ್ಟು ಮೂರು ಕಡೆ ಮುಟ್ಟಿಸಿ: ಇನ್‌ಪುಟ್ ಮೈನಸ್ ಮತ್ತು ಔಟ್‌ಪುಟ್ ಮೈನಸ್ ನಡುವೆ, ಔಟ್‌ಪುಟ್ ಮೈನಸ್ ಮತ್ತು ಲೋಹದ ಬಾಡಿ ನಡುವೆ, ಔಟ್‌ಪುಟ್ ಮೈನಸ್ ಮತ್ತು ಅರ್ಥ್ ಟರ್ಮಿನಲ್ ನಡುವೆ. ಎಲ್ಲಿ ಬಝರ್ ಕೂಗಿದರೂ ಅದು ಸೀರೀಸ್‌ನಲ್ಲಿ ಮೇಲಿನ ಸ್ಥಾನಕ್ಕೆ ಬರುವುದಿಲ್ಲ. ಸಿಸಿ-ಸಿವಿ, ಅಂದರೆ ವೋಲ್ಟೇಜ್ ಜೊತೆಗೆ ಕರೆಂಟನ್ನೂ ಮಿತಿಯಲ್ಲಿಡುವ ಮಾಡ್ಯೂಲ್‌ಗಳಲ್ಲಿ ಬಝರ್ ಜೊತೆಗೆ ಸೊನ್ನೆಗಿಂತ ತುಸು ಹೆಚ್ಚು ಓಮ್ ತೋರಿಸಬಹುದು. ಅದನ್ನು ಐಸೋಲೇಷನ್ ಎಂದು ತಿಳಿಯಬೇಡಿ. ಕರೆಂಟ್ ಅಳೆಯುವ ಶಂಟ್ ರೆಸಿಸ್ಟರನ್ನು ಮೈನಸ್ ದಾರಿಯಲ್ಲೇ ಕೂರಿಸಿರುತ್ತಾರೆ, ಅಷ್ಟೇ. ಇಂಥ ಮಾಡ್ಯೂಲಿನ ಎರಡೂ ಮೈನಸ್‌ಗಳನ್ನು ಹೊರಗೆ ಒಂದೇ ಬಸ್‌ಬಾರಿಗೆ ಕಟ್ಟಿದರೆ ಕರೆಂಟ್ ಶಂಟನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತದೆ, ಕರೆಂಟ್ ಲಿಮಿಟ್ ಕೆಲಸವನ್ನೇ ಮಾಡುವುದಿಲ್ಲ. ಬ್ಯಾಟರಿ ಚಾರ್ಜಿಂಗಿಗೆ ಇಟ್ಟವರು “ಪಾಟ್ (ಹೊಂದಿಸುವ ತಿರುಪು) ಎಷ್ಟು ತಿರುಗಿಸಿದರೂ ಆಂಪಿಯರ್ ಇಳಿಯುತ್ತಿಲ್ಲ” ಎನ್ನುವುದಕ್ಕೆ ಎಷ್ಟೋ ಸಲ ಕಾರಣ ಇದೇ.

ಬಝರ್ ಕೂಗದಿದ್ದರೆ ತಾಮ್ರದ ಸಂಪರ್ಕ ಇಲ್ಲ ಎಂದಷ್ಟೇ ಖಾತ್ರಿ. ಇನ್ಸುಲೇಷನ್ ಗಟ್ಟಿಯಿದೆಯೇ ಎಂಬುದು ಮೆಗ್ಗರ್ ಎಂಬ ಇನ್ಸುಲೇಷನ್ ಅಳೆಯುವ ಮೀಟರ್‌ನಿಂದ ಮಾತ್ರ ಗೊತ್ತಾಗುತ್ತದೆ. ಲೋಡ್ ಬಿಚ್ಚಿ, ಫೇಸ್ ಮತ್ತು ನ್ಯೂಟ್ರಲ್ ಒಟ್ಟಿಗೆ ಕಟ್ಟಿ, ಔಟ್‌ಪುಟ್‌ನ ಪ್ಲಸ್ ಮತ್ತು ಮೈನಸ್ ಒಟ್ಟಿಗೆ ಕಟ್ಟಿ, ಎರಡರ ನಡುವೆ 500 ವೋಲ್ಟ್ ಡಿಸಿ ಕೊಡಿ. ಒಳ್ಳೆಯ ಎಸ್‌ಎಂಪಿಎಸ್‌ಗೆ ಡೇಟಾಶೀಟಿನಲ್ಲಿ 100 ಮೆಗಾಓಮ್ ಎಂದು ಬರೆದಿರುತ್ತಾರೆ. ಮಳೆಗಾಲದಲ್ಲಿ ಶೆಡ್ಡಿನಲ್ಲಿ ಬಿದ್ದಿದ್ದ, ಒಳಗೆ ಹತ್ತಿಯ ಧೂಳೋ ಮೆಣಸಿನಪುಡಿಯೋ ಕೂತ ಹಳೆಯ ಸಪ್ಲೈ ಇಲ್ಲಿ ಸಿಕ್ಕಿಬೀಳುತ್ತದೆ.

ಸಿಎನ್‌ಸಿಗೆ 48 ವೋಲ್ಟ್: ನಾಲ್ಕು ದಾರಿ

ಮೂರು ಸ್ಟೆಪ್ಪರ್ ಮೋಟಾರ್, 48 ವೋಲ್ಟ್, ಒಟ್ಟು 5 ಆಂಪಿಯರ್ ಎಂದು ಇಟ್ಟುಕೊಳ್ಳಿ.

ಮೊದಲನೆಯದು, ಒಂದೇ 48 ವೋಲ್ಟ್ ಎಸ್‌ಎಂಪಿಎಸ್. ಮೀನ್ ವೆಲ್‌ನ ಎಲ್‌ಆರ್‌ಎಸ್-350-48 ಎಂಬುದು 7.3 ಆಂಪಿಯರ್ ಕೊಡುತ್ತದೆ. ಸಿಗುವುದಾದರೆ ಬೇರೆ ಯೋಚನೆಯೇ ಬೇಡ. ಒಂದು ಫ್ಯೂಸ್, ಒಂದು ಪ್ರೊಟೆಕ್ಷನ್, ಒಂದು ಫ್ಯಾನ್. ಎರಡನ್ನು ಕೂಡಿಸಿದಾಗ ಬರುವ ತಲೆನೋವು ಯಾವುದೂ ಇಲ್ಲ. ಕೊರಿಯರ್‌ಗೆ ನಾಲ್ಕು ದಿನ ಕಾಯಬೇಕಾದರೂ ಕಾಯುವುದೇ ಮೇಲು.

ಎರಡನೆಯದು, ಎರಡು 24 ವೋಲ್ಟ್ ಎಸ್‌ಎಂಪಿಎಸ್ ಸೀರೀಸ್‌ನಲ್ಲಿ. 24 ವೋಲ್ಟಿನದು ಎಲ್ಲ ಕಡೆ ಸಿಗುತ್ತದೆ, ಒಂದು ಕೆಟ್ಟರೆ ಅದೇ ದಿನ ಬದಲಿಸಬಹುದು. ಪಿಎಲ್‌ಸಿ (ಯಂತ್ರ ನಿಯಂತ್ರಿಸುವ ಕಂಪ್ಯೂಟರ್), ರಿಲೇಗಳಿಗೆ ನಡುವಿನ ಬಿಂದುವಿನಿಂದ 24 ವೋಲ್ಟನ್ನೂ ತೆಗೆಯಬಹುದು. ಆಗ ಕೆಳಗಿನ ಸಪ್ಲೈಗೆ ಎರಡೂ ಕರೆಂಟ್ ಸೇರಿ ಬೀಳುತ್ತದೆ ಎಂಬ ಲೆಕ್ಕ ಇಟ್ಟುಕೊಂಡರೆ ಸಾಕು. ಸರಿಯಾಗಿ ಮಾಡಿದರೆ ಇದು ವರ್ಷಗಟ್ಟಲೆ ನಡೆಯುವ ಜೋಡಣೆ.

ಮೂರನೆಯದು, ಒಂದು 24 ವೋಲ್ಟ್ ಸಪ್ಲೈ ಮತ್ತು ಅದರ ಮುಂದೆ ಬೂಸ್ಟ್ ಮಾಡ್ಯೂಲ್. ಬೆಲೆ ಕಡಿಮೆ ಎಂದು ಜನ ಇದಕ್ಕೇ ಮೊದಲು ಕೈಹಾಕುತ್ತಾರೆ. ಲೆಕ್ಕ ಮಾಡಿ ನೋಡಿ: 48 ವೋಲ್ಟ್, 5 ಆಂಪಿಯರ್ ಎಂದರೆ 240 ವ್ಯಾಟ್. 92 ಶೇಕಡಾ ದಕ್ಷತೆ ಹಿಡಿದರೂ 24 ವೋಲ್ಟ್ ಕಡೆ ಸುಮಾರು 11 ಆಂಪಿಯರ್ ಎಳೆಯುತ್ತದೆ, 20 ವ್ಯಾಟ್ ಶಾಖವಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಬೂಸ್ಟ್‌ನಲ್ಲಿ ಇನ್‌ಪುಟ್‌ನಿಂದ ಔಟ್‌ಪುಟ್‌ಗೆ ಇಂಡಕ್ಟರ್ ಮತ್ತು ಡಯೋಡ್ ಮೂಲಕ ನೇರ ದಾರಿ ಸದಾ ತೆರೆದಿರುತ್ತದೆ. ಔಟ್‌ಪುಟ್ ಶಾರ್ಟ್ ಆದರೆ ಐಸಿ ಸ್ವಿಚ್ಚನ್ನು ಆಫ್ ಮಾಡಿದರೂ ಕರೆಂಟ್ ನಿಲ್ಲುವುದಿಲ್ಲ, ಇನ್‌ಪುಟ್ ಫ್ಯೂಸ್ ಹೋಗಬೇಕು ಇಲ್ಲವೇ ಡಯೋಡ್ ಸುಡಬೇಕು. ಎಕ್ಸ್‌ಎಲ್6009 ಮಾಡ್ಯೂಲ್ ಮೇಲೆ ಬರೆದಿರುವ “4 ಆಂಪಿಯರ್” ಕೂಡ ಸ್ವಿಚ್ಚಿನ ಕರೆಂಟ್, ಔಟ್‌ಪುಟ್‌ನದಲ್ಲ. ಮೋಟಾರಿಗೆ ಈ ದಾರಿ ಬೇಡ. ಸಣ್ಣ ಸೆನ್ಸರ್, ಡಿಸ್‌ಪ್ಲೇಗಳಿಗೆ ಸರಿ.

ನಾಲ್ಕನೆಯದು ಹಳೆಯ ದಾರಿ: ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, ದೊಡ್ಡ ಕೆಪಾಸಿಟರ್. ಭಾರ ಹೆಚ್ಚು, ಹೆಸ್ಕಾಂ ವೋಲ್ಟೇಜ್ ಏರಿಳಿದಂತೆ ಔಟ್‌ಪುಟ್ ಕೂಡ ಏರಿಳಿಯುತ್ತದೆ. ಆದರೆ ಸ್ಟೆಪ್ಪರ್ ಮೋಟಾರ್ ಥಟ್ಟನೆ ನಿಂತಾಗ ವಾಪಸ್ ತಳ್ಳುವ ಶಕ್ತಿಯನ್ನು ಈ ದೊಡ್ಡ ಕೆಪಾಸಿಟರ್ ನುಂಗುತ್ತದೆ. ಎಸ್‌ಎಂಪಿಎಸ್ ಅದೇ ಹೊತ್ತಿಗೆ ಓವರ್‌ವೋಲ್ಟೇಜ್ ಎಂದು ಟ್ರಿಪ್ ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಸುತ್ತಿಸುವ ಅನುಕೂಲ ಹತ್ತಿರದಲ್ಲೇ ಇದ್ದರೆ ಇದು ಈಗಲೂ ಒಳ್ಳೆಯ ಆಯ್ಕೆ.

ಇಲ್ಲಿಯೇ ಇನ್ನೊಂದು ಮಾತು. ಸ್ಟೆಪ್ಪರ್ ಮೋಟಾರ್ ನಡೆಸುವ ಡಿಎಂ542 ಮಾದರಿಯ ಡ್ರೈವರ್‌ಗಳ ಮಿತಿ 50 ವೋಲ್ಟ್. 48 ಕೊಟ್ಟು, ಮೇಲೆ ಮೋಟಾರ್ ವಾಪಸ್ ತಳ್ಳುವುದೂ ಸೇರಿದರೆ ಮಿತಿ ದಾಟುತ್ತದೆ. ಅಂಥ ಡ್ರೈವರ್ ಇದ್ದರೆ 36 ವೋಲ್ಟೇ ಸರಿ. ಒಂದು 24, ಒಂದು 12 ಸೀರೀಸ್‌ಗೆ ಹಾಕಿದರೆ 36 ಆಗುತ್ತದೆ. ಎರಡರ ವೋಲ್ಟೇಜ್ ಒಂದೇ ಇರಬೇಕೆಂಬ ನಿಯಮ ಇಲ್ಲ. ಆದರೆ ಹರಿಯುವ ಕರೆಂಟ್ ಒಂದೇ ಆದ್ದರಿಂದ, ಒಂದು 10 ಆಂಪಿಯರ್, ಇನ್ನೊಂದು 5 ಆಂಪಿಯರ್ ಇದ್ದರೆ ಇಡೀ ಜೋಡಣೆ 5 ಆಂಪಿಯರಿನದೇ.

ಎರಡು ಎಸ್‌ಎಂಪಿಎಸ್ ಸೀರೀಸ್ ಮಾಡುವ ಕ್ರಮ

ಎರಡನ್ನೂ ಬೇರೆ ಬೇರೆಯಾಗಿ ಚಾಲೂ ಮಾಡಿ, ಪಾಟ್ ತಿರುಗಿಸಿ ಎರಡಕ್ಕೂ 24.0 ವೋಲ್ಟ್ ಇಡಿ. 115/230 ಸ್ಲೈಡ್ ಸ್ವಿಚ್ ಇರುವ ಮಾದರಿಯಾದರೆ ಚಾಲೂ ಮಾಡುವ ಮೊದಲೇ ಅದು 230ರಲ್ಲಿ ಇದೆಯೇ ನೋಡಿ. 115ರಲ್ಲಿ ಬಿಟ್ಟು 230 ಕೊಟ್ಟರೆ ಒಳಗಿನ ವೋಲ್ಟೇಜ್ ಡಬ್ಲರ್‌ನಿಂದ ಕೆಪಾಸಿಟರ್ ಸಿಡಿಯುತ್ತದೆ.

ಎರಡಕ್ಕೂ ಒಂದೇ ಫೇಸ್, ಒಂದೇ ಡಬಲ್ ಪೋಲ್ ಎಂಸಿಬಿ. ಬೇರೆ ಬೇರೆ ಫೇಸಿನಿಂದ ಕೊಟ್ಟರೆ ಒಂದು ಫೇಸ್ ಹೋದಾಗ ಒಂದು ಸಪ್ಲೈ ಸತ್ತು, ಲೋಡಿಗೆ ಅರ್ಧ ವೋಲ್ಟೇಜ್ ಹೋಗುತ್ತದೆ. ನಮ್ಮ ಕಡೆ ಒಂದು ಫೇಸ್ ಮಾತ್ರ ಹೋಗುವುದು ಅಪರೂಪವೇನಲ್ಲ. ಎಂಸಿಬಿ ಸಿ ಕರ್ವ್ (ಕ್ಷಣಮಾತ್ರದ ಹೆಚ್ಚು ಕರೆಂಟಿಗೆ ಬೇಗ ಬೀಳದ ಬಗೆ) ಇರಲಿ. ಎಲ್‌ಆರ್‌ಎಸ್-350 ತಣ್ಣಗಿದ್ದಾಗ ಚಾಲೂ ಮಾಡಿದರೆ ಕ್ಷಣಮಾತ್ರ 60 ಆಂಪಿಯರ್ ಎಳೆಯುತ್ತದೆ. ಎರಡು ಸೇರಿದರೆ ಬಿ ಕರ್ವ್‌ನ ಸಣ್ಣ ಎಂಸಿಬಿ ಬೆಳಿಗ್ಗೆ ಬೆಳಿಗ್ಗೆ ಬೀಳುತ್ತದೆ, ಎರಡನೇ ಸಲ ಎತ್ತಿದರೆ ನಿಲ್ಲುತ್ತದೆ. ಲಕ್ಷಣ ನೋಡಿ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಬಿಚ್ಚಬೇಡಿ.

ಎರಡೂ ಬಾಡಿಗೆ ಅರ್ಥಿಂಗ್ ಕಡ್ಡಾಯ. ಬಾಡಿ ಅರ್ಥ್ ಮಾಡುವುದು ಬೇರೆ, ಔಟ್‌ಪುಟ್ ಮೈನಸ್ ಅರ್ಥ್ ಮಾಡುವುದು ಬೇರೆ. ಕೆಳಗಿನ ಸಪ್ಲೈನ ಪ್ಲಸ್ಸಿನಿಂದ ಮೇಲಿನದರ ಮೈನಸ್‌ಗೆ ಒಂದು ತುಂಡು ತಂತಿ ಹಾಕಿ. 10 ಆಂಪಿಯರ್‌ವರೆಗೆ 1.5 ಚದರ ಮಿ.ಮೀ., ಅದಕ್ಕಿಂತ ಹೆಚ್ಚಾದರೆ 2.5. ತುದಿಗೆ ಲಗ್ ಒತ್ತಿಸಿ. ಈ ತಂತಿ ಸಡಿಲವಾದರೆ ಇಡೀ 48 ವೋಲ್ಟ್ ಆ ಜಾಗದಲ್ಲಿ ಕಿಡಿ ಹಾರಿಸುತ್ತದೆ. ಅರ್ಥ್ ಮಾಡಲೇಬೇಕಿದ್ದರೆ ಇಡೀ ಸಾಲಿನಲ್ಲಿ ಒಂದೇ ಬಿಂದು, ಸಾಮಾನ್ಯವಾಗಿ ಕೆಳಗಿನದರ ಮೈನಸ್.

ಈಗ ಬಹಳ ಮಂದಿ ಬಿಟ್ಟುಬಿಡುವ ಭಾಗ: ಪ್ರತಿ ಸಪ್ಲೈನ ಔಟ್‌ಪುಟ್‌ಗೆ ಅಡ್ಡಲಾಗಿ ಒಂದು ಡಯೋಡ್, ಉಲ್ಟಾ ದಿಕ್ಕಿನಲ್ಲಿ. ಪಟ್ಟಿ ಇರುವ ಕಡೆ, ಅಂದರೆ ಕ್ಯಾಥೋಡ್, ಪ್ಲಸ್‌ಗೆ. ಇನ್ನೊಂದು ತುದಿ ಮೈನಸ್‌ಗೆ. ಸಹಜ ಸ್ಥಿತಿಯಲ್ಲಿ ಇದರಲ್ಲಿ ಕರೆಂಟ್ ಹರಿಯುವುದಿಲ್ಲ, ತಣ್ಣಗೆ ಇರುತ್ತದೆ. ಏಕೆ ಬೇಕು? ಎರಡು ಸಪ್ಲೈ ಒಂದೇ ಕ್ಷಣಕ್ಕೆ ಏಳುವುದಿಲ್ಲ, ಕೆಲವು ಹತ್ತು ಮಿಲಿಸೆಕೆಂಡ್ ಹಿಂದುಮುಂದಾಗುತ್ತದೆ. ಮೊದಲು ಎದ್ದದ್ದು ಲೋಡಿನ ಮೂಲಕ ಕರೆಂಟ್ ತಳ್ಳುತ್ತದೆ. ಆ ಕರೆಂಟ್ ಇನ್ನೂ ಏಳದ ಸಪ್ಲೈನ ಔಟ್‌ಪುಟ್ ಮೂಲಕವೇ ಸುತ್ತು ಮುಗಿಸಬೇಕು. ಆಗ ಅದರ ಔಟ್‌ಪುಟ್ ಕೆಪಾಸಿಟರ್‌ಗಳ ಮೇಲೆ ಉಲ್ಟಾ ವೋಲ್ಟೇಜ್ ಬೀಳುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಉಲ್ಟಾ ವೋಲ್ಟೇಜ್ ತಡೆಯುವುದಿಲ್ಲ. ಒಳಗಿನ ಸರ್ಕ್ಯೂಟ್ ಕೂಡ ತನ್ನ ಔಟ್‌ಪುಟ್ ಸೊನ್ನೆಗಿಂತ ಕೆಳಗೆ ಇಳಿದಿರುವುದನ್ನು ದೋಷ ಎಂದು ತಿಳಿದು ಏಳದೇ ಕೂರಬಹುದು. ಡಯೋಡ್ ಇದ್ದರೆ ಆ ಕರೆಂಟ್ ಡಯೋಡಿನಲ್ಲಿ ಹೋಗುತ್ತದೆ, ಕೆಪಾಸಿಟರ್ ಮೇಲೆ ಅರ್ಧದಿಂದ ಒಂದು ವೋಲ್ಟ್ ಮಾತ್ರ ಉಳಿಯುತ್ತದೆ.

ಯಾವ ಡಯೋಡ್? ಕರೆಂಟ್ ರೇಟಿಂಗ್ ಸಪ್ಲೈನ ಪೂರ್ಣ ಕರೆಂಟಿಗಿಂತ ಹೆಚ್ಚು, ರಿವರ್ಸ್ ವೋಲ್ಟೇಜ್ ಇಡೀ ಸಾಲಿನ ಮೊತ್ತಕ್ಕಿಂತ ಹೆಚ್ಚು. 48 ವೋಲ್ಟಿಗೆ 100 ವೋಲ್ಟಿನದು ಹಾಕಿ. 10 ಆಂಪಿಯರ್‌ವರೆಗೆ ಎಂಬಿಆರ್20100ಸಿಟಿ ಸರಿಹೋಗುತ್ತದೆ, ಅದರ ಎರಡೂ ಆನೋಡ್ ಕಾಲುಗಳನ್ನು ಸೇರಿಸಿ. ಈ ಶಾಟ್ಕಿ (ಡ್ರಾಪ್ ಕಡಿಮೆ ಇರುವ) ಡಯೋಡ್ ಸಿಗದಿದ್ದರೆ ಅಂಗಡಿಯಲ್ಲಿ “10ಎ10” ಎಂದು ಕೇಳಿದರೆ ದಪ್ಪ ಕಪ್ಪು ಡಯೋಡ್ ಕೊಡುತ್ತಾರೆ. ಡ್ರಾಪ್ ಒಂದು ವೋಲ್ಟಿನ ಹತ್ತಿರ, ಆದರೂ ಇಲ್ಲದಿರುವುದಕ್ಕಿಂತ ಎಷ್ಟೋ ಉತ್ತಮ. ಒಂದು ಸಪ್ಲೈ ಕೆಟ್ಟು ಇನ್ನೊಂದು ನಡೆಯುತ್ತಲೇ ಇದ್ದರೆ ಡಯೋಡಿನಲ್ಲಿ ಎಡೆಬಿಡದೆ ಕರೆಂಟ್ ಹರಿಯುತ್ತದೆ. 10 ಆಂಪಿಯರ್, 0.7 ವೋಲ್ಟ್ ಎಂದರೆ 7 ವ್ಯಾಟ್, ಹಾಗಾಗಿ ಹೀಟ್‌ಸಿಂಕ್ ಬೇಕು. ಎಂಬಿಆರ್‌ನ ಲೋಹದ ಬೆನ್ನು ಕ್ಯಾಥೋಡ್, ಅಂದರೆ ಪ್ಲಸ್. ಎರಡು ಡಯೋಡನ್ನು ಒಂದೇ ಹೀಟ್‌ಸಿಂಕಿಗೆ ಮೈಕಾ ಹಾಕದೆ ಬಿಗಿದರೆ ಎರಡು ಸಪ್ಲೈಗಳ ಪ್ಲಸ್ ಒಂದಾಗಿ ಮೇಲಿನದು ಶಾರ್ಟ್. ಎಲ್ಲವನ್ನೂ ಸರಿಯಾಗಿ ಮಾಡಿ ಇಲ್ಲಿ ಎಡವುವವರಿದ್ದಾರೆ.

ಓವರ್‌ಲೋಡ್ ಆದಾಗ ಈ ಜೋಡಣೆಯ ಲಕ್ಷಣವೂ ಬೇರೆ. ಎರಡರಲ್ಲಿ ಸ್ವಲ್ಪ ದುರ್ಬಲವಾದದ್ದು ಮೊದಲು ಲಿಮಿಟಿಗೆ ಹೋಗುತ್ತದೆ, ಮತ್ತೆ ಏಳಲು ನೋಡುತ್ತದೆ, ಮತ್ತೆ ಬೀಳುತ್ತದೆ. ಮೀಟರಿನಲ್ಲಿ 48 ಮತ್ತು 24ರ ನಡುವೆ ಜಿಗಿಯುವುದು ಕಾಣುತ್ತದೆ. ಹೀಗೆ ಕಂಡರೆ ಲೋಡ್ ಹೆಚ್ಚಾಗಿದೆ, ಅಥವಾ ಡ್ರೈವರ್‌ಗಳ ದೊಡ್ಡ ಕೆಪಾಸಿಟರ್‌ಗಳು ಒಟ್ಟಿಗೆ ತುಂಬಿಕೊಳ್ಳಲು ಹೊರಟಿವೆ.

ಎಷ್ಟು ಸಪ್ಲೈವರೆಗೆ ಸೀರೀಸ್ ಮಾಡಬಹುದು? ಡೇಟಾಶೀಟಿನಲ್ಲಿ ಔಟ್‌ಪುಟ್ ಮತ್ತು ಬಾಡಿ ನಡುವಿನ ತಡೆಯುವ ವೋಲ್ಟೇಜ್ ನೋಡಿ. ಇನ್‌ಪುಟ್-ಔಟ್‌ಪುಟ್ ನಡುವೆ ಮೂರು ಸಾವಿರ ವೋಲ್ಟಿಗಿಂತ ಹೆಚ್ಚು ಬರೆದಿದ್ದರೂ, ಔಟ್‌ಪುಟ್-ಬಾಡಿ ನಡುವೆ ಬರೀ 500 ವೋಲ್ಟ್ ಎಸಿ ಇರುವ ಮಾದರಿಗಳು ಸಾಮಾನ್ಯ. ಅದೂ ಒಂದು ನಿಮಿಷದ ಪರೀಕ್ಷೆಯ ಅಂಕಿ, ದಿನವಿಡೀ ನಿಲ್ಲಿಸಬಹುದಾದ ವೋಲ್ಟೇಜ್ ಅಲ್ಲ. ಇನ್ನೊಂದು ಗೆರೆ 60 ವೋಲ್ಟ್ ಡಿಸಿ. ಉಪಕರಣಗಳ ಸುರಕ್ಷತಾ ಮಾನದಂಡಗಳು ಮುಟ್ಟಿದರೆ ಅಪಾಯವಿಲ್ಲ ಎಂದು ಒಪ್ಪುವ ಮಿತಿ ಅದು. ಎರಡು 24 ಸೇರಿದರೆ 48, ಒಳಗೇ ಇದೆ. ಮೂರು ಸೇರಿದರೆ 72, ಮುಚ್ಚಳವಿಲ್ಲದ ಟರ್ಮಿನಲ್ ಇಡುವ ಹಾಗಿಲ್ಲ. ನಮ್ಮ ಸಲಹೆ ಎರಡಕ್ಕೆ ನಿಲ್ಲಿ. ಅದಕ್ಕಿಂತ ಹೆಚ್ಚು ಬೇಕಾದರೆ ಆ ವೋಲ್ಟೇಜಿನದೇ ಸಪ್ಲೈ ತರಿಸಿ.

ಸೀರೀಸ್ ಆಗದಿರುವ ಸಂದರ್ಭಗಳು

ಹಳೆಯ ಕಂಪ್ಯೂಟರಿನ ಎಟಿಎಕ್ಸ್ ಸಪ್ಲೈ ಎರಡು ತಂದು 12 ಮತ್ತು 12 ಕೂಡಿಸಿ 24 ಮಾಡಲು ಹೊರಟರೆ, ಅದರ ಕಪ್ಪು ತಂತಿ ಬಾಡಿಗೆ, ಬಾಡಿ ತ್ರೀ ಪಿನ್ ಪ್ಲಗ್ಗಿನ ಅರ್ಥಿಗೆ. ಎರಡೂ ಪ್ಲಗ್ ಒಂದೇ ಬೋರ್ಡಿನಲ್ಲಿ ಇದ್ದರೆ ಎರಡೂ ಮೈನಸ್ ಒಂದೇ ಆಯಿತು. ಇದಕ್ಕೆ ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುತ್ತಾರೆ. ಖಂಡಿತ ಹಾಗೆ ಮಾಡಬೇಡಿ. ಆಗ ಲೋಹದ ಬಾಡಿಯೇ ತೇಲಾಡುತ್ತದೆ, ಇನ್‌ಪುಟ್ ಫಿಲ್ಟರಿನ ಕೆಪಾಸಿಟರ್‌ಗಳಿಂದ ಅದಕ್ಕೆ ಮೇನ್ಸಿನ ಅರ್ಧದಷ್ಟು ವೋಲ್ಟೇಜ್ ಬರುತ್ತದೆ, ಒಳಗೆ ಇನ್ಸುಲೇಷನ್ ಹೋದರೆ ಪೂರ್ತಿ 230.

ಒಂದೇ 24 ವೋಲ್ಟ್ ಬ್ಯಾಟರಿಯಿಂದ ಎರಡು ಎಲ್‌ಎಂ2596 ಹಾಕಿ, ಎರಡರಲ್ಲೂ 15 ಇಟ್ಟು 30 ಮಾಡುವುದೂ ಇದೇ ಕಥೆ. ಮೇಲಿನ ಮಾಡ್ಯೂಲಿನ ಔಟ್‌ಪುಟ್ ಮೈನಸ್ ಎಂದರೆ ಬ್ಯಾಟರಿಯ ಮೈನಸ್. ಅದನ್ನು ಕೆಳಗಿನದರ ಪ್ಲಸ್‌ಗೆ ಕಟ್ಟಿದರೆ ಕೆಳಗಿನ ಮಾಡ್ಯೂಲಿಗೆ ನೇರ ಶಾರ್ಟ್. ಎರಡು ಬೇರೆ ಬೇರೆ ಬ್ಯಾಟರಿಯಿಂದ ಕೊಟ್ಟರೆ ನಡೆಯುತ್ತದೆ. ಆದರೆ ಸಂಜೆ ಎರಡೂ ಬ್ಯಾಟರಿಯನ್ನು ಒಂದೇ ಸೋಲಾರ್ ಚಾರ್ಜರ್‌ಗೆ ಕಟ್ಟಿದ ಕೂಡಲೇ ಆ ಶಾರ್ಟ್ ಚಾರ್ಜರ್ ಮೂಲಕ ಮತ್ತೆ ಬರುತ್ತದೆ.

ಸಪ್ಲೈ ಐಸೋಲೇಟೆಡ್ ಆಗಿದ್ದರೂ ಲೋಡಿನ ಕಡೆಯಿಂದ ಐಸೋಲೇಷನ್ ಹಾಳಾಗಬಹುದು. ಮೇಲಿನ ಸಪ್ಲೈ ಮೇಲೆ ನಡೆಯುವ ಬೋರ್ಡಿಗೆ ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಹಾಕಿದಿರಿ, ಲ್ಯಾಪ್‌ಟಾಪ್ ಚಾರ್ಜರ್ ಮೂಲಕ ಅರ್ಥ್ ಆಗಿದೆ, ಕೆಳಗಿನ ಸಪ್ಲೈನ ಮೈನಸ್ಸೂ ಅರ್ಥ್ ಆಗಿದೆ. ಯುಎಸ್‌ಬಿ ಕೇಬಲ್ಲಿನ ತೆಳ್ಳನೆಯ ಶೀಲ್ಡಿನಲ್ಲಿ ಶಾರ್ಟ್ ಕರೆಂಟ್. ಆಸಿಲೋಸ್ಕೋಪಿನ ಪ್ರೋಬ್ ಕ್ಲಿಪ್ಪೂ ಹಾಗೆಯೇ ಅರ್ಥಿಗೆ ಕಟ್ಟಿರುತ್ತದೆ. ನಡುಬಿಂದುವಿಗೆ ಕ್ಲಿಪ್ ಹಾಕುವ ಮೊದಲು ಎಲ್ಲಿ ಅರ್ಥ್ ಆಗಿದೆ ಎಂದು ನೋಡಿಕೊಳ್ಳಿ.

ಇದೆಲ್ಲ ಔಟ್‌ಪುಟ್‌ಗಳ ಮಾತು. ಇನ್‌ಪುಟ್‌ಗಳನ್ನು ಸೀರೀಸ್ ಮಾಡುವುದು ಇನ್ನೂ ಅಪಾಯದ್ದು. ಅಮೆರಿಕದಿಂದ ಬಂದ, 110 ವೋಲ್ಟಿಗೆ ಮಾತ್ರ ಮಾಡಿದ ಎರಡು ಒಂದೇ ಬಗೆಯ ಅಡಾಪ್ಟರ್‌ಗಳನ್ನು ಸೀರೀಸ್‌ನಲ್ಲಿ 230ಕ್ಕೆ ಕೊಟ್ಟರೆ ಅರ್ಧ ಅರ್ಧ ಹಂಚಿಕೊಳ್ಳುತ್ತವೆ ಎಂದು ತೋರುತ್ತದೆ. ಬಲ್ಬಾಗಿದ್ದರೆ ಹಂಚಿಕೊಳ್ಳುತ್ತಿದ್ದವು. ಸ್ವಿಚಿಂಗ್ ಸಪ್ಲೈ ತನ್ನ ವ್ಯಾಟ್ ಕಾಯ್ದುಕೊಳ್ಳುತ್ತದೆ. ವೋಲ್ಟೇಜ್ ಇಳಿದರೆ ಹೆಚ್ಚು ಕರೆಂಟ್ ಎಳೆಯುತ್ತದೆ, ಅದರಿಂದ ತನ್ನ ಪಾಲಿನ ವೋಲ್ಟೇಜನ್ನು ಇನ್ನಷ್ಟು ಇಳಿಸಿಕೊಳ್ಳುತ್ತದೆ. ಕೊನೆಗೆ ಒಂದಕ್ಕೆ ಏನೂ ಇಲ್ಲ, ಇನ್ನೊಂದಕ್ಕೆ ಪೂರ್ತಿ 230. ಡಿಸಿ ಕನ್ವರ್ಟರ್‌ಗಳಿಗೂ ಇದೇ ನಿಯಮ. ಇನ್‌ಪುಟ್ ಸೀರೀಸ್ ಬೇಕಾದರೆ ವೋಲ್ಟೇಜ್ ಹಂಚಿಕೆಯನ್ನು ನಿಯಂತ್ರಿಸುವ ಪ್ರತ್ಯೇಕ ಸರ್ಕ್ಯೂಟ್ ಬೇಕು, ಮಾಡ್ಯೂಲ್ ತಂದು ಜೋಡಿಸಿದರೆ ಆಗುವ ಕೆಲಸವಲ್ಲ.

ಒಂದರ ಹಿಂದೆ ಒಂದು, ಅಂದರೆ ಮೊದಲನೆಯದರ ಔಟ್‌ಪುಟ್ ಎರಡನೆಯದರ ಇನ್‌ಪುಟ್‌ಗೆ ಕೊಡುವುದನ್ನೂ ಜನ ಸೀರೀಸ್ ಎನ್ನುತ್ತಾರೆ. ಅದಕ್ಕೆ ಐಸೋಲೇಷನ್ ಅಡ್ಡಿಯಲ್ಲ. ದಕ್ಷತೆ ಗುಣಿಸಿಕೊಳ್ಳುತ್ತದೆ, 90 ಮತ್ತು 90 ಶೇಕಡಾ ಸೇರಿದರೆ 81. ಮೊದಲನೆಯದಕ್ಕೆ ಕನಿಷ್ಠ ಕಾಲು ಭಾಗ ಹೆಚ್ಚು ಸಾಮರ್ಥ್ಯ ಇರಲಿ.

ಐಸೋಲೇಷನ್ ಬೇಕೇ ಬೇಡವೇ: ಇನ್ನು ಕೆಲವು ಜಾಗ

ಲಾರಿಯ 24 ವೋಲ್ಟಿನಿಂದ 12 ವೋಲ್ಟಿನ ಜಿಪಿಎಸ್, ಟೇಪ್ ನಡೆಸಲು ನಾನ್-ಐಸೋಲೇಟೆಡ್ ಬಕ್ ಸಾಕು. ಲಾರಿಯಲ್ಲಿ ಮೈನಸ್ ಎಲ್ಲ ಚಾಸಿಗೇ ಕಟ್ಟಿರುತ್ತದೆ, ಐಸೋಲೇಟೆಡ್‌ಗೆ ಕೊಟ್ಟ ದುಡ್ಡು ವ್ಯರ್ಥ. ಎರಡು ಬ್ಯಾಟರಿಯ ನಡುವಿನಿಂದ 12 ಎಳೆಯುವುದು ಮಾತ್ರ ಬೇಡ. ಕೆಳಗಿನ ಬ್ಯಾಟರಿ ಸದಾ ಹಸಿದಿರುತ್ತದೆ, ಮೇಲಿನದು ಓವರ್‌ಚಾರ್ಜ್ ಆಗಿ ನೀರು ಕಳೆದುಕೊಳ್ಳುತ್ತದೆ.

ಗೋದಾಮಿನ ಕ್ಯಾಮೆರಾಗೆ ಲೆಕ್ಕವೇ ಬೇರೆ. 12 ವೋಲ್ಟ್, 6 ವ್ಯಾಟಿನ ಕ್ಯಾಮೆರಾ ಅರ್ಧ ಆಂಪಿಯರ್ ಎಳೆಯುತ್ತದೆ. 100 ಮೀಟರ್ ನೆಟ್‌ವರ್ಕ್ ಕೇಬಲ್ಲಿನಲ್ಲಿ ಹೋಗಲು ಎರಡು ತಂತಿ, ಬರಲು ಎರಡು ತಂತಿ ಸೇರಿಸಿದರೂ ಸುಮಾರು 9.4 ಓಮ್ ಆಗುತ್ತದೆ. 4.7 ವೋಲ್ಟ್ ಕೇಬಲ್ಲಿನಲ್ಲೇ ಹೋಯಿತು, ಕ್ಯಾಮೆರಾಗೆ 7.3 ಉಳಿಯಿತು, ರಾತ್ರಿ ಐಆರ್ ಎಲ್‌ಇಡಿ ಹತ್ತಿದ ಕೂಡಲೇ ರೀಸ್ಟಾರ್ಟ್. 48 ವೋಲ್ಟಿನಲ್ಲಿ ಅದೇ ಕ್ಯಾಮೆರಾಗೆ ಕೇಬಲ್ಲಿನ ನಷ್ಟ 1.2 ವೋಲ್ಟ್ ಮಾತ್ರ. 12ರಿಂದ 48ಕ್ಕೆ ಏರಿಸಲು ಅಗ್ಗದ ಬೂಸ್ಟ್ ಕೂಡ ನಡೆಯುತ್ತದೆ, ಆದರೆ ಹೊರಗೆ ಬಯಲಿನಲ್ಲಿ ಎಳೆದ ಉದ್ದ ಕೇಬಲ್ಲಿಗೆ ಐಸೋಲೇಟೆಡ್ ಕನ್ವರ್ಟರೇ ಸರಿ. ಮುಂಗಾರಿನ ಮೊದಲ ಗುಡುಗಿನಲ್ಲಿ ಎರಡು ಕಟ್ಟಡಗಳ ಅರ್ಥ್ ನಡುವೆ ಎಷ್ಟೋ ವೋಲ್ಟ್ ವ್ಯತ್ಯಾಸ ಬರುತ್ತದೆ, ನಾನ್-ಐಸೋಲೇಟೆಡ್ ಬೂಸ್ಟ್ ಅದನ್ನು ನೇರ ಚಾರ್ಜ್ ಕಂಟ್ರೋಲರ್‌ಗೆ ಒಯ್ಯುತ್ತದೆ. ನೆಟ್‌ವರ್ಕ್ ಕೇಬಲ್ಲಿನಲ್ಲೇ ಪವರ್ ಕಳಿಸುವ ಪಿಒಇಯ 802.3ಎಎಫ್ ಮಾನದಂಡ ಸ್ವತಃ 1500 ವೋಲ್ಟ್ ಎಸಿ ಐಸೋಲೇಷನ್ ಕೇಳುತ್ತದೆ. ಬ್ಯಾಟರಿ 10.5ರಿಂದ 14.4ರವರೆಗೆ ಓಡಾಡುವುದರಿಂದ ಇನ್‌ಪುಟ್ 9ರಿಂದ 18 ವೋಲ್ಟ್ ಇರುವುದನ್ನು ಆರಿಸಿ. 12ರಿಂದ 24 ಮಾಡುವ ಎರಡು ಐಸೋಲೇಟೆಡ್ ಕನ್ವರ್ಟರ್‌ಗಳನ್ನು ಒಂದೇ ಬ್ಯಾಟರಿಯಿಂದ ನಡೆಸಿ ಔಟ್‌ಪುಟ್‌ಗಳನ್ನು ಸೀರೀಸ್ ಮಾಡಿದರೂ 48 ಬರುತ್ತದೆ, ಮೇಲೆ ಹೇಳಿದ ಡಯೋಡ್‌ಗಳ ಸಮೇತ.

ಅಮರಗೋಳದಂಥ ಎಪಿಎಂಸಿ ಯಾರ್ಡಿನಲ್ಲಿ ತೂಕದ ಯಂತ್ರದಿಂದ ಆಫೀಸಿಗೆ ಆರ್‌ಎಸ್-485 ಡೇಟಾ ಲೈನ್ ಎಳೆದರೆ ಅಲ್ಲೂ ಐಸೋಲೇಷನ್ ಬೇಕು. ಆ ಚಿಪ್‌ಗಳು ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗಿನ ಅರ್ಥ್ ವ್ಯತ್ಯಾಸವನ್ನಷ್ಟೇ ತಡೆಯುತ್ತವೆ. ಬಿ0505ಎಸ್ ಎಂಬ ಒಂದು ವ್ಯಾಟಿನ ಪುಟ್ಟ ಕಪ್ಪು ಮಾಡ್ಯೂಲ್ ಇಲ್ಲಿ ಸಾಕು, 5 ವೋಲ್ಟ್ ಕೊಟ್ಟರೆ ಬೇರ್ಪಟ್ಟ 5 ವೋಲ್ಟ್, 200 ಮಿಲಿಆಂಪಿಯರ್ ಸಿಗುತ್ತದೆ. ರೆಗ್ಯುಲೇಷನ್ ಇಲ್ಲದ್ದರಿಂದ ಲೋಡ್ ಇಲ್ಲದಾಗ ವೋಲ್ಟೇಜ್ ಏರುತ್ತದೆ, ಔಟ್‌ಪುಟ್‌ಗೆ ಒಂದು ಸಣ್ಣ ರೆಸಿಸ್ಟರ್ ಲೋಡಾಗಿ ಬಿಡಿ. ಇದರ ಸಾವಿರ ವೋಲ್ಟ್ ಐಸೋಲೇಷನ್ ಸಿಗ್ನಲ್ ಬೇರ್ಪಡಿಸಲು ಮಾತ್ರ. ಒಂದು ಕಡೆ 230 ವೋಲ್ಟ್, ಇನ್ನೊಂದು ಕಡೆ ಮನುಷ್ಯ ಮುಟ್ಟುವ ಜಾಗ ಇರುವಲ್ಲಿ ಇದನ್ನು ನಂಬಬೇಡಿ. ಅಲ್ಲಿಗೆ ರೀಇನ್‌ಫೋರ್ಸ್‌ಡ್ ಎಂದು ಡೇಟಾಶೀಟಿನಲ್ಲಿ ಬರೆದಿರುವುದೇ ಬೇಕು.

ಸಂಗೀತದ ಕಡೆ, ಧಾರವಾಡದಲ್ಲಿ ಬೈಠಕ್‌ಗಳಿಗೆ ಮಿಕ್ಸರ್, ಪ್ರಿಆಂಪ್ ಕಟ್ಟುವವರಿಗೆ, ಸೀರೀಸ್ ಜೋಡಣೆಯೇ ಅತ್ಯುತ್ತಮ ಆಯ್ಕೆ. ಎರಡು 15 ವೋಲ್ಟ್ ಅಡಾಪ್ಟರ್ ಸೀರೀಸ್ ಮಾಡಿ ನಡುಬಿಂದುವನ್ನು ಸೊನ್ನೆ ಎಂದಿಟ್ಟರೆ ಪ್ಲಸ್-ಮೈನಸ್ 15 ಸಿದ್ಧ. ಚೌಕದೊಳಗೆ ಚೌಕದ ಗುರುತು ಇರುವ, ಅಂದರೆ ಡಬಲ್ ಇನ್ಸುಲೇಷನ್ನಿನ ಟೂ ಪಿನ್ ಅಡಾಪ್ಟರ್ ಆರಿಸಿ, ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ ನೋಡಿ. ಹೀಗೆ ಕಟ್ಟಿದ ಮೇಲೆ ಮೈಕ್ ಮುಟ್ಟಿದರೆ ಜುಮ್ ಎನ್ನುವುದು, ತಂಬೂರಿಯ ಹಿಂದೆ ಗುಂಯ್ ಎನ್ನುವುದು ಕೇಳಿದರೆ ಅದು ಅಡಾಪ್ಟರಿನಲ್ಲಿ ಮೇನ್ಸ್ ಕಡೆಗೂ ಔಟ್‌ಪುಟ್‌ಗೂ ನಡುವೆ ಇರುವ ವೈ ಕೆಪಾಸಿಟರ್‌ನ ಕೆಲಸ. ಮೀಟರ್ ಇಟ್ಟರೆ ಅರ್ಥಿಗೆ ನೂರರ ಆಸುಪಾಸು ವೋಲ್ಟ್ ತೋರಿಸುತ್ತದೆ, ಕರೆಂಟ್ ಮಾತ್ರ ಮಿಲಿಆಂಪಿಯರಿಗಿಂತ ಕಡಿಮೆ. ನಡುಬಿಂದುವನ್ನು ಒಂದೇ ಕಡೆ ಅರ್ಥ್ ಮಾಡಿ, ನಿಲ್ಲುತ್ತದೆ.

110 ವೋಲ್ಟ್ ಯಂತ್ರಗಳಿಗೆ

ಹೊರದೇಶದಿಂದ ಬಂದ ಹಳೆಯ ಮುದ್ರಣಯಂತ್ರಗಳ ಕಂಟ್ರೋಲ್ 110 ವೋಲ್ಟಿನಲ್ಲಿ ನಡೆಯುವುದುಂಟು. ಅದಕ್ಕೆ ಆಟೋಟ್ರಾನ್ಸ್‌ಫಾರ್ಮರ್ ಹಗುರ, ಅಗ್ಗ. ಆದರೆ ಅದರಲ್ಲಿ ಸುರುಳಿ ಒಂದೇ, ನ್ಯೂಟ್ರಲ್ ಎರಡೂ ಕಡೆಗೆ ಸಾಮಾನ್ಯ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೆ, ಅಥವಾ ನ್ಯೂಟ್ರಲ್ ಕಡಿದರೆ, 110 ಎಂದು ಬರೆದ ತಂತಿ ಅರ್ಥಿಗೆ 230 ತೋರಿಸುತ್ತದೆ. ಡಿಮ್ಮರ್‌ಸ್ಟ್ಯಾಟ್ (ಗುಂಡಿ ತಿರುಗಿಸಿ ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್) ಕೂಡ ಇದೇ ಜಾತಿ. ಅದನ್ನು 24ಕ್ಕೆ ತಿರುಗಿಸಿಟ್ಟು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂದು ನಂಬಿದರೆ ಪ್ರಾಣಕ್ಕೇ ಕುತ್ತು. ಪ್ಯಾನಲ್ಲಿಗೆ ಎರಡು ಬೇರೆ ಸುರುಳಿಗಳ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿ, ಸೆಕೆಂಡರಿಯ ಒಂದು ತುದಿಯನ್ನು ಅರ್ಥ್ ಮಾಡಿ, ಇನ್ನೊಂದಕ್ಕೆ ಫ್ಯೂಸ್ ಇಡಿ. ಅರ್ಥ್ ಮಾಡದೆ ತೇಲಿಬಿಟ್ಟರೆ ಮೊದಲ ಅರ್ಥ್ ಫಾಲ್ಟ್ ಗೊತ್ತೇ ಆಗುವುದಿಲ್ಲ. ಎರಡನೆಯದು ಬಂದಾಗ ಪುಶ್‌ಬಟನ್ ಒತ್ತದೆಯೇ ಕಾಂಟ್ಯಾಕ್ಟರ್ ಎಳೆದು ಯಂತ್ರ ತಾನಾಗಿ ತಿರುಗಬಹುದು.

ಎರಡು ಸೆಕೆಂಡರಿ ಸುರುಳಿಗಳನ್ನು ಸೀರೀಸ್ ಮಾಡಿ 110 ಪಡೆಯುವುದಾದರೆ ಡಯೋಡ್ ಬೇಡ, ದಿಕ್ಕು ನೋಡಬೇಕು. 55 ಮತ್ತು 55 ಕೂಡಿಸಿದಾಗ ಮೀಟರಿನಲ್ಲಿ ಸೊನ್ನೆ ಬಂದರೆ ಒಂದು ಸುರುಳಿಯ ತುದಿಗಳನ್ನು ಅದಲುಬದಲು ಮಾಡಿ. ಲೋಡ್ ಕಟ್ಟುವ ಮೊದಲೇ ಇದನ್ನು ಅಳೆಯಿರಿ.